ಕುಲ ತಿಳಿಯದ ತುಕ್ಕು

"ಇಲ್ಲ ಸರ್, ಕುಲ ಇನ್ನೂ ಗೊತ್ತಾಗಿಲ್ಲ," ಎಂದು ಸ್ವಪ್ನಿಲ ತನ್ನ ಸಂಶೋಧನೆಯ ಗೈಡ್‌ಗೆ ಫೋನಿನಲ್ಲಿ ಹೇಳಿದಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಮುದುಕ ತಿರುಗಿ ನೋಡಿದ.

"ಹುಡುಗೀದೇನ್ರಿ?"

"ಬೂಷ್ಟಿಂದು."

ಮುದುಕ ನಗಲಿಲ್ಲ. "ಮತ್ತ ನಿಮ್ಮ ಅಡ್ಡಹೆಸರು?"

"ಬೀದರ," ಎಂದ ಸ್ವಪ್ನಿಲ. ಕೇಳಿದ್ದು ಊರಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕಾಂಗ್ರೆಸ್ ಕಸದ ಎಲೆಗಳ ಮೇಲೆ ತಾನಾಗಿಯೇ ಬಂದು ಕೂತ ಕಂದು ತುಕ್ಕುರೋಗದ ಬೂಷ್ಟು ಅದು. ಒಂದು ಕುಲದ್ದಾದರೆ ಕಸವನ್ನಷ್ಟೇ ತಿನ್ನುತ್ತದೆ, ಹೊಲಹೊಲಕ್ಕೆ ಬಿಡಬಹುದು. ಇನ್ನೊಂದರದ್ದಾದರೆ ಎಣ್ಣೆಬೆಳೆ ಕುಸುಬಿಯನ್ನೂ ಬಿಡುವುದಿಲ್ಲ. ಸೂಕ್ಷ್ಮದರ್ಶಕದಡಿ ಅದರ ಬೀಜಕಣಗಳು ಎರಡನ್ನೂ ಹೋಲುತ್ತಿದ್ದವು.

ಖಟಕ ಚಿಂಚೋಳಿಯ ಹೊಲದಲ್ಲಿ ಸುಭದ್ರಾಬಾಯಿ ಕಾಯುತ್ತಿದ್ದಳು. ಕಸ ಕಿತ್ತು ಕಿತ್ತು ಮೊಣಕೈ ತನಕ ಅವಳ ಚರ್ಮ ಒಡೆದಿತ್ತು. ಮುಖದಲ್ಲಿ ಮಾತ್ರ ಹಬ್ಬ.

"ಬರ್ರಿ ಸರ, ನೋಡ್ರಿ. ಕಸ ಎಲ್ಲಾ ಸುಟ್ಟಂಗ ಆಗ್ಯಾದ."

ಹೋದ ಸಲ ರೋಗ ಇದ್ದದ್ದು ಒಂದೇ ಮೂಲೆಯಲ್ಲಿ. ಈಗ ಬದುವಿನುದ್ದಕ್ಕೂ ಗಿಡಗಳು ಕಂದಿ ಬಾಗಿದ್ದವು.

"ಇಲ್ಲೀತನ ಹ್ಯಾಂಗ ಬಂತವ್ವಾ?"

"ನಾನೇ ತಂದೀನ್ರಿ. ರೋಗದ ಗಿಡ ಕಿತ್ತು, ಗಾಳಿ ನೋಡಿ ಜಾಡಿಸೀನಿ. ಸಾಯಗಾಂವದಾಗ ನಮ್ಮ ತಂಗಿ ಇದ್ದಾಳಲ್ಲ, ಆಕೀಗೂ ಒಂದು ಹೊರಿ ಕಳಿಸೀನಿ."

"ಕುಲ ತಿಳಿಯೋತನ ಮುಟ್ಟಬ್ಯಾಡ್ರಿ ಅಂದಿದ್ನಲ್ಲ?"

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ನಮ್ಮ ಮನಿಗಿ ಬಂದು ಚಾ ಕುಡದೀರಿ. ನಾ ನಿಮ್ಮ ಕುಲ ಕೇಳೀನೇನ್ರಿ? ಬಂದವರು ಒಳ್ಳೇದು ಮಾಡಿದ್ರಾತು."

ಈ ಮಾತನ್ನು ಯಾರಾದರೂ ಆಡಲೆಂದು ಅವನು ಹುಟ್ಟಿದಾಗಿನಿಂದ ಕಾದಿದ್ದ. ಆಡಿದ್ದು ಇಲ್ಲಿ, ಈ ತುಕ್ಕಿನ ಪುಡಿಯ ಬಗ್ಗೆ.

ಜೋಳದ ಸುತ್ತ ಬೇಲಿಯಂತೆ ಬಿತ್ತಿದ್ದ ಕುಸುಬಿ ಮುಳ್ಳುಮುಳ್ಳಾಗಿ ನಿಂತಿತ್ತು. ಅವನು ಎಲೆಯೊಂದನ್ನು ಮಗುಚಿದ. ಕೆಳಗೆ ಕಂದು ಚುಕ್ಕೆಗಳು.

"ಇದೂ ಅದೇ ಏನ್ರಿ?" ಸುಭದ್ರಾಬಾಯಿ ಈಗ ನಗುತ್ತಿರಲಿಲ್ಲ.

"ನೋಡಬೇಕು."

"ನೋಡಿದ್ರ ಹೋಗ್ತದೇನ್ರಿ?"

ಅವನು ಎಲೆಯನ್ನು ಕಾಗದದಲ್ಲಿ ಮಡಚಿದ. ಮಡಚಲು ಬಹಳ ಹೊತ್ತು ಹಿಡಿಯಿತು.

ಮರಳುವ ಬಸ್ಸಿನಲ್ಲಿ ಅಂಗಿಯ ತೋಳುಗಳನ್ನು ನೋಡಿಕೊಂಡ. ಎರಡರ ಮೇಲೂ ಕಂದು ಪುಡಿ. ಹೊರಗೆ ಭಾಲ್ಕಿಯ ಕಡೆಗೆ ಉದ್ದಕ್ಕೂ ಕುಸುಬಿ ಹಳದಿ ಹೂ ಬಿಟ್ಟಿತ್ತು.

"ಕಿಟಕಿ ತೆಗೀರಲ್ಲ, ಸೆಕಿ ಆಗ್ಲತ್ತದ," ಎಂದ ಪಕ್ಕದವನು.

ಸ್ವಪ್ನಿಲ ಕೈಕಟ್ಟಿ ಬಿಗಿಯಾಗಿ ಕೂತ. "ಬ್ಯಾಡ್ರಿ."

"ಯಾಕ್ರಿ?"

ಪಕ್ಕದವನೇ ಬಾಗಿ ಕಿಟಕಿ ಎಳೆದ. ಗಾಳಿ ನುಗ್ಗಿ ಬಂದು ಸ್ವಪ್ನಿಲನನ್ನು ಜಾಡಿಸತೊಡಗಿತು.