ದೊರೆ ಪಾನಕ

ಸತ್ತ ಗಂಡನ ಬೆನ್ನನ್ನು ಗೋಡೆಗೆ ಒರಗಿಸಿ, ಸೆಟೆಯುತ್ತಿದ್ದ ಕಾಲುಗಳನ್ನು ಮಡಿಸಿ ಪದ್ಮಾಸನಕ್ಕೆ ಕೂರಿಸಿದ್ದಳು ಚನ್ನಬಸಮ್ಮ. ಹಣೆಗೆ ವಿಭೂತಿಯ ಕಡೆಯ ಗೆರೆ ಎಳೆಯುತ್ತಿದ್ದಾಗ ಭಾವ ನಂಜಪ್ಪ ಬಾಗಿಲಿಗೆ ಅಡ್ಡ ಬಂದು, ಕಾಲು ತೊಳೆದುಕೊಳ್ಳಲು ಬಗ್ಗಿದ್ದ ಜಂಗಮರ ಮುಂದಿನಿಂದ ನೀರಿನ ಚೊಂಬನ್ನು ಎತ್ತಿಕೊಂಡುಬಿಟ್ಟ.

“ಪಾದ ಇಡಬ್ಯಾಡಿ ಬುದ್ಧಿ,” ಎಂದ. “ಇವನು ನನ್ನ ಒಡಹುಟ್ಟಿದೋನೇ. ಆದ್ರೂ ಹೇಳ್ತೀನಿ. ಹೆಂಡ ಮಾರೋನು ಬೀದೀಲಿ ಮಾರ್ತಾನೆ. ಇವನು ಲಿಂಗ ಕಟ್ಕಂಡು, ಮನೇಲಿ ಕುಂತ್ಕಂಡು, ಬಿಳೀ ಜನದ ಸಾರಾಯಿ ಕಲಸ್ದೋನು.”

ಜಂಗಮರಾದ ಪಂಚಾಕ್ಷರಯ್ಯನವರು ಒಂದು ಕಾಲು ಎತ್ತಿದವರು ಹಾಗೆಯೇ ನಿಂತರು. ಅವರ ತಲೆಮೇಲೆ ಬಿಸಿಲು, ಹೊಟ್ಟೆಯೊಳಗೆ ಹಸಿವು. ಅಂಗಳದಲ್ಲಿ ಕೂತಿದ್ದ ಕೈಲಾಂಚದ ಜನಕ್ಕೆ ಮಾತ್ರ ಇದೇನೂ ಅನಿರೀಕ್ಷಿತವಲ್ಲ. ಸತ್ತವನಿಗಾಗಿ ಬಂದವರು ಅವರಲ್ಲಿ ಎಷ್ಟು ಮಂದಿಯೋ, ಈ ಜಗಳ ನೋಡಲೆಂದೇ ಬೆಳಗಿನ ಕೆಲಸ ಬಿಟ್ಟು ಬಂದವರೇ ಹೆಚ್ಚು.

ಜಂಗಮರ ಪಾದ ತಲೆಯ ಮೇಲೆ ಬೀಳದೆ ಲಿಂಗ ಕಟ್ಟಿದವರ ಪೈಕಿ ಯಾರೂ ಸಮಾಧಿಯ ಗುಂಡಿಗೆ ಇಳಿಯುವಂತಿರಲಿಲ್ಲ. ಪಾದ ಬಿದ್ದರೆ ಶಿವನಲ್ಲಿ ಸೇರಿದ ಹಾಗೆ. ಬೀಳದಿದ್ದರೆ ಸತ್ತ ದನವನ್ನು ಹೂತ ಹಾಗೆ. ಪುಟ್ಟರುದ್ರಪ್ಪ ಬದುಕಿದ್ದಾಗ ಊರು ಅವನನ್ನು ಏನೆಲ್ಲ ಅಂದರೂ ಚನ್ನಬಸಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಇವತ್ತು ಮಾತ್ರ ಬಿಡುವುದಿಲ್ಲ ಅಂದುಕೊಂಡಳು. ದನದ ಹಾಗೆ ಹೂಳಿಸಿಕೊಳ್ಳಲು ಅವನೇನು ಮಾಡಿದ್ದ?

“ಚೊಂಬು ಕೆಳಗಿಡಿ ಬಾವ,” ಎಂದಳು. “ನಿಮ್ಮ ತಮ್ಮ ಕುಡಿದಿಲ್ಲ.”

“ಕುಡೀದೆ ಕಲಸೋಕಾಯ್ತದಾ? ಉಪ್ಪು ನೋಡ್ದೆ ಸಾರು ಮಾಡ್ತೀಯಾ ನೀನು?”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಸಾವಿನ ಮನೆಯೆಂಬ ಪರಿವೆಯೂ ಇರಲಿಲ್ಲ.

* * *

ಪುಟ್ಟರುದ್ರಪ್ಪ ಕ್ಲೋಸ್‌ಪೇಟೆಯ ಬಂಗಲೆಯಲ್ಲಿ ಬಟ್ಲರನಾಗಿದ್ದ. ಅಲ್ಲಿದ್ದ ಇಂಜಿನಿಯರು ದೊರೆಗೆ ಕೆರೆ ಕಾಲುವೆಗಳ ಉಸ್ತುವಾರಿ. ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಕೆರೆ ದೊರೆ ಎಂದೇ ಹೆಸರು. ಹೊತ್ತು ಮುಳುಗಿದರೆ ಅವನಿಗೆ ಒಂದು ಲೋಟ ಬೇಕೇ ಬೇಕು: ಜಿನ್ನು, ನಿಂಬೆರಸ, ಸಕ್ಕರೆಪಾಕ, ಮೇಲೆ ಕೆಂಪು ಬಾಟಲಿಯಿಂದ ಕಹಿ ನೀರಿನ ಒಂದೆರಡು ತೊಟ್ಟು. ಅದನ್ನು ಹದವಾಗಿ ಬೆರೆಸುವುದು ಪುಟ್ಟರುದ್ರಪ್ಪನಿಗೆ ಕೈಬಂದ ವಿದ್ಯೆ. ಆದರೆ ಲಿಂಗ ಕಟ್ಟಿದವನು, ನಾಲಿಗೆಗೆ ತಾಕಿಸುವಂತಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ವಾಸನೆಯಲ್ಲೇ ಅಳೆಯುತ್ತಿದ್ದ. ನಿಂಬೆ ಕಡಿಮೆಯೋ ಪಾಕ ಜಾಸ್ತಿಯೋ ಮೂಗೇ ಹೇಳುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ದೊರೆಯ ಸೀಮೆಯಿಂದ ಅವನ ಹೆಂಡತಿ ದೊರೆಸಾನಿ ಬಂದಳು. ಆಕೆ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹೆಂಗಸು. ಬಂದ ವಾರದಲ್ಲೇ ಬಂಗಲೆಯ ಬಾಟಲಿಗಳನ್ನೆಲ್ಲ ಅರ್ಕಾವತಿಗೆ ಸುರಿಸಿದಳು. ದೊರೆ ಹೆಂಡತಿಗೆ ಎದುರಾಡಲಾರದೆ, ಹೊಸ ಬಾಟಲಿಗಳನ್ನು ಬೆಂಗಳೂರಿನಿಂದ ರೈಲಿನಲ್ಲಿ ತರಿಸಿ ಬಟ್ಲರನ ಮನೆಯ ಅಟ್ಟಕ್ಕೆ ಏರಿಸಿದ. ಅಂದಿನಿಂದ ಸಂಜೆ ಕುದುರೆಯೇರಿ ಕೈಲಾಂಚಕ್ಕೆ ಬರುವುದು, ಪುಟ್ಟರುದ್ರಪ್ಪನ ಜಗಲಿಯ ಮೇಲೆ ಕೂತು ಲೋಟ ಖಾಲಿ ಮಾಡುವುದು, ಏಲಕ್ಕಿ ಜಗಿದು ಹೆಂಡತಿಯ ಹತ್ತಿರ ಹೋಗುವುದು. ಊರು ಅದಕ್ಕೆ ದೊರೆ ಪಾನಕ ಎಂದು ಹೆಸರಿಟ್ಟಿತು.

ಆಗ ಅಣ್ಣತಮ್ಮಂದಿರದು ಒಂದೇ ಮನೆ. ನಂಜಪ್ಪನ ಮಗಳನ್ನು ನೋಡಲು ಅಕ್ಕೂರಿನಿಂದ ಒಳ್ಳೆಯ ಮನೆತನದವರು ಗಾಡಿ ಕಟ್ಟಿಕೊಂಡು ಬಂದರು. ಬಂದವರಿಗೆ ಜಗಲಿಯ ಮೇಲೆ ಮೊದಲು ಕಂಡದ್ದು ಕೆಂಪು ಮುಖದ ದೊರೆ ಮತ್ತು ಅವನ ಕೈಯ ಲೋಟ. ಗಾಡಿಯಿಂದ ಇಳಿಯಲೂ ಇಲ್ಲ, ಎತ್ತು ತಿರುಗಿಸಿಕೊಂಡು ಹೋದರು. ಆ ಹುಡುಗಿಯನ್ನು ಕೊನೆಗೆ ಮಾಗಡಿ ಕಡೆಯ ಒಬ್ಬ ಮುದುಕನಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ನಂಜಪ್ಪ ಆ ತಿಂಗಳಲ್ಲೇ ಅಂಗಳದ ನಡುವೆ ಗೋಡೆ ಎಬ್ಬಿಸಿದ. ಅವನ ಸಿಟ್ಟು ಸುಳ್ಳಲ್ಲ ಎಂಬುದು ಚನ್ನಬಸಮ್ಮನಿಗೂ ಗೊತ್ತಿತ್ತು. ಅವಳ ತೊಡೆಯ ಮೇಲೆ ಬೆಳೆದ ಹುಡುಗಿ ಅದು.

“ನೌಕರಿ ಬುಟ್ಬುಡಿ,” ಎಂದು ಅವಳೇ ಗಂಡನಿಗೆ ಹೇಳಿದ್ದಳು.

“ಬುಟ್ಟು?” ಎಂದಿದ್ದ ಅವನು. “ನಂಗೆ ಬರೋದು ಇದೊಂದೇ ಕಣಮ್ಮಿ.”

* * *

“ಆಣೆ ಮಾಡ್ಲಿ,” ಎಂದ ನಂಜಪ್ಪ. “ಲಿಂಗ ಅಂಗೈ ಮ್ಯಾಲೆ ಮಡಿಕ್ಕಂಡು ಆಣೆ ಮಾಡ್ಲಿ. ಆಮ್ಯಾಕೆ ನಾನು ಬಾಯಿ ತೆಗೆಯಾಕಿಲ್ಲ.”

ಪಂಚಾಕ್ಷರಯ್ಯನವರಿಗೆ ಈ ದಾರಿ ಹಿತವಾಗಿ ಕಂಡಿತು. ತೀರ್ಮಾನದ ಹೊರೆ ಅವರ ತಲೆಯಿಂದ ಇಳಿದು ಹೆಂಗಸಿನ ಅಂಗೈ ಮೇಲೆ ಬೀಳುತ್ತಿತ್ತಲ್ಲ. “ಆಗ್ಬೋದಾ ತಾಯಿ?” ಎಂದರು.

ಚನ್ನಬಸಮ್ಮ ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಮೇಲಿಟ್ಟುಕೊಂಡಳು. ಒಂದಿಷ್ಟೂ ತಡವರಿಸಲಿಲ್ಲ. “ನನ್ನ ಯಜಮಾನ್ರು ಸಾಯೋಗಂಟ ಒಂದು ತೊಟ್ಟೂ ನಾಲಿಗೆಗೆ ಹಾಕ್ಕಂಡಿಲ್ಲ. ಸುಳ್ಳಾದ್ರೆ ನನ್ನ ಎರಡು ಕಣ್ಣೂ ಹೋಗ್ಲಿ.”

ಪಕ್ಕದ ಮನೆಯ ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಷ್ಟು ಸಾಕಲ್ವಾ ಸ್ವಾಮಿ, ಹೊತ್ತಾಯ್ತು,” ಎಂದಳು.

ನಂಜಪ್ಪನಿಗೆ ಸಾಕಾಗಲಿಲ್ಲ. ಚನ್ನಬಸಮ್ಮನ ಮುಖವನ್ನೇ ನೋಡುತ್ತಿದ್ದವನಿಗೆ ಅಲ್ಲಿ ಏನು ಕಂಡಿತೋ, ದನಿ ತಗ್ಗಿಸಿ ಕೇಳಿದ.

“ಅವನು ಕುಡೀಲಿಲ್ಲ, ಸರಿ. ಈ ಮನೇಲಿ ಯಾರ ನಾಲಿಗೆಗೂ ಅದು ತಾಕಿಲ್ಲ ಅನ್ನು. ಲಿಂಗ ಕೈಯಾಗೇ ಐತಲ್ಲ, ಅದನ್ನೂ ಅಂದ್ಬುಡು.”

ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಇದ್ದವರು ಇಬ್ಬರೇ. ಅವರಲ್ಲಿ ಒಬ್ಬ ಗೋಡೆಗೆ ಒರಗಿ ಕೂತಿದ್ದ.

* * *

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಹಾಳು ಜ್ವರ ಊರೂರನ್ನೇ ಗುಡಿಸಿಕೊಂಡು ಹೋದದ್ದು ಎಲ್ಲರಿಗೂ ಗೊತ್ತು. ಪುಟ್ಟರುದ್ರಪ್ಪನನ್ನು ಅದು ಬಿಟ್ಟು ಹೋಯಿತು, ಅವನ ಮೂಗನ್ನು ಮಾತ್ರ ಬಿಡಲಿಲ್ಲ. ಎದ್ದು ಓಡಾಡುವ ಹಾಗಾದ ಮೇಲೂ ಅವನಿಗೆ ಒಗ್ಗರಣೆಯ ಘಾಟು ತಿಳಿಯದು, ಸಗಣಿಯ ವಾಸನೆ ತಿಳಿಯದು. ಜಗಲಿಯ ಮೇಲೆ ಮೊದಲ ಸಂಜೆ ಬೆರೆಸಿಕೊಟ್ಟ ಲೋಟವನ್ನು ದೊರೆ ಬಾಯಿಗಿಟ್ಟು ಅಂಗಳಕ್ಕೆ ಉಗಿದ. ಮರುದಿನವೂ ಉಗಿದ. ಬೇರೆ ಬಟ್ಲರನನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದ.

ಆ ಸಂಜೆ ಪುಟ್ಟರುದ್ರಪ್ಪ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದ. “ಒಸಿ ಮೂಸಿ ನೋಡಮ್ಮಿ.”

ಅವಳು ಮೂಗು ಮುಚ್ಚಿಕೊಂಡು ಓಡಿಹೋಗಬೇಕಿತ್ತು. ಆದರೆ ಮದುವೆಯಾದಂದಿನಿಂದ ಆತ ಅವಳನ್ನು ಏನನ್ನೂ ಹೀಗೆ ಕೇಳಿದವನಲ್ಲ. ಮೂಸಿದಳು. ಅವಳಿಗೆ ನಿಂಬೆಯ ವಾಸನೆ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಗೊತ್ತಾಗುತ್ತಿಲ್ಲ ಅಂದಳು. ಅವನು ಒಂದು ಚಮಚ ತಂದು ಲೋಟದ ಪಕ್ಕದಲ್ಲಿಟ್ಟ. ಇಟ್ಟವನು ಹಿತ್ತಲಿಗೆ ಹೋದ.

ಅವನು ಮರಳಿ ಬಂದಾಗ ಅವಳು ಹೇಳಿದಳು: “ಪಾಕ ಜಾಸ್ತಿ ಆಗೈತೆ. ಇನ್ನರ್ಧ ನಿಂಬೆ ಹಿಂಡಿ.”

ಮರುಸಂಜೆ ಬಂದ ದೊರೆ ಉಗಿಯಲಿಲ್ಲ, ಬೇರೆ ಬಟ್ಲರನ ಮಾತೂ ಎತ್ತಲಿಲ್ಲ. ಹೀಗೆ ಅವನ ನಾಲಿಗೆಯ ಮಡಿಯನ್ನು ಅವಳ ನಾಲಿಗೆ ಕಾಯಿತು. ಅದನ್ನು ನೆನೆದು ಎಷ್ಟೋ ಸಲ ಮೈಯೆಲ್ಲ ಉರಿದದ್ದುಂಟು. ತನ್ನ ಲಿಂಗ ಉಳಿಸಿಕೊಳ್ಳಲು ನನ್ನದನ್ನು ಅಡವಿಟ್ಟನಲ್ಲ, ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳದೆ ಹೋದ ಎಂದು. ಅವನ ಮೇಲೆ ಅವಳಿಗಿದ್ದ ಸಿಟ್ಟು ಇವತ್ತಿಗೂ ಆರಿರಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಚಮಚದಿಂದ ಶುರುವಾದದ್ದು ಚಮಚದಲ್ಲೇ ನಿಲ್ಲಲಿಲ್ಲ. ಬರಬರುತ್ತಾ ಬೆರೆಸುವವಳೂ ಅವಳೇ ಆದಳು, ಅವನು ಬರೀ ಒಯ್ದು ಕೊಡುವವನು. ಹೂಜಿಯ ತಣ್ಣೀರು, ತೆಳು ಪಾಕ, ಆಗತಾನೆ ಹಿಂಡಿದ ನಿಂಬೆ. ಕಹಿ ನೀರಿನ ತೊಟ್ಟು ಬಿದ್ದೊಡನೆ ಲೋಟದೊಳಗೆ ಸಂಜೆಗೆಂಪು ಇಳಿಯುತ್ತಿತ್ತು. ಹೊರಗೆ ಜಗಲಿಯಲ್ಲಿ ದೊರೆ “ಫಸ್ಟ್ ಕ್ಲಾಸ್” ಅನ್ನುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಹುಟ್ಟಿದ ಮೇಲೆ ಅವಳ ಕೈಕೆಲಸವನ್ನು ಒಬ್ಬರು ಹೊಗಳಿದ್ದರೆ ಅದು ಆಗ ಮಾತ್ರ, ಅದೂ ಅವಳದೆಂದು ಗೊತ್ತಿಲ್ಲದೆ. ಲೋಟ ಹೊರಗೆ ಹೋಗುವ ಮೊದಲೇ ತನಗೆಂದು ಒಂದು ಗುಟುಕು ತೆಗೆದಿಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವಾಯಿತು. ಸಂಜೆಯಾಗುವುದನ್ನೇ ಕಾಯುವುದೂ ಅಭ್ಯಾಸವಾಯಿತು.

ಆಮೇಲೆ ದೊರೆ ತನ್ನ ದೇಶಕ್ಕೆ ಹೊರಟುಹೋದ. ಅಟ್ಟದ ಬಾಟಲಿಗಳು ಅಟ್ಟದಲ್ಲೇ ಉಳಿದವು. ಗಂಡಹೆಂಡಿರಿಬ್ಬರೂ ಅವುಗಳ ಮಾತೆತ್ತಲಿಲ್ಲ.

* * *

“ಯಾಕೆ, ನಾಲಿಗೆ ಬಿದ್ದೋಯ್ತಾ?” ಎಂದ ನಂಜಪ್ಪ.

ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ಎರಡು ಮಾತು ಅಷ್ಟೆ. ಆದರೆ ಒಂದು ಆಣೆಯನ್ನು ನಿಜವಾಗಿ ಮಾಡಿ, ಅದರ ಬೆನ್ನಿಗೇ ಸುಳ್ಳಾಣೆ ಮಾಡಿದರೆ ಮೊದಲನೆಯದೂ ಹೊಲಸಾಗುತ್ತದೆ ಅನ್ನಿಸಿತು. ಆ ಮನುಷ್ಯ ಹಟ ಹಿಡಿದು ಉಳಿಸಿಕೊಂಡದ್ದು ಅದೊಂದನ್ನೇ. ಚನ್ನಬಸಮ್ಮ ಜಂಗಮರ ಕಡೆ ತಿರುಗಿದಳು.

“ಬುದ್ಧಿ, ಇವತ್ತು ಗುಂಡಿಗೆ ಇಳಿಯೋರು ಯಾರು? ನಾನಾ, ಅವರಾ?”

“ಅವನೇ ತಾಯಿ.”

“ಅವರ ಮಾತಿಗೆ ಆಣೆ ಮಾಡಿದ್ದೀನಿ. ಅವರದು ಮೊದಲು ಮುಗೀಲಿ. ಆಮ್ಯಾಕೆ ಮನೆ ಮಾತು ಕೇಳಿ, ಇಲ್ಲೇ ನಿಂತು ಹೇಳ್ತೀನಿ.”

“ಮೋಸ ಬುದ್ಧಿ, ಇದ್ರಾಗೆ ಏನೋ ಐತೆ,” ಎಂದ ನಂಜಪ್ಪ.

“ನೀನೇ ಅಲ್ವೇನಪ್ಪ ಆಣೆ ಕೇಳಿದೋನು? ಆಕೆ ಮಾಡಿದ್ಳು,” ಎಂದರು ಪಂಚಾಕ್ಷರಯ್ಯನವರು. ಅವರಿಗೂ ಇವನ ರಂಪ ಸಾಕಾಗಿತ್ತು. ಮಾರಕ್ಕ ಬೇರೆ ಚೊಂಬಿನಲ್ಲಿ ನೀರು ತಂದಳು. ಜಂಗಮರು ಕಾಲು ತೊಳೆಸಿಕೊಂಡು ಒಳಗೆ ಬಂದು, ಮಂತ್ರ ಹೇಳುತ್ತಾ, ಪುಟ್ಟರುದ್ರಪ್ಪನ ನರೆತ ತಲೆಯ ಮೇಲೆ ಪಾದವಿಟ್ಟರು. ಕಣ್ಣು ತುಂಬಿಕೊಂಡು ನೋಡಿದಳು ಚನ್ನಬಸಮ್ಮ.

ಆಮೇಲೆ ಲಿಂಗವನ್ನು ಕರಡಿಗೆಗೆ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಾನು ಕುಡಿದಿದ್ದೀನಿ. ಅವರ ಮೂಗು ಹೋದ ಮ್ಯಾಲೆ ದೊರೆಗೆ ಕಲಸ್ತಿದ್ದೋಳು ನಾನೇ. ರುಚಿ ನೋಡ್ತಿದ್ದೋಳೂ ನಾನೇ.”

ಮಾರಕ್ಕ ಹಿಡಿದಿದ್ದ ಚೊಂಬನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಇಷ್ಟು ಹೊತ್ತೂ ಪರವಾಗಿದ್ದವಳು ಅವಳೊಬ್ಬಳೇ. ನಂಜಪ್ಪ ಗೆದ್ದೆನೋ ಸೋತೆನೋ ತಿಳಿಯದೆ ಜಂಗಮರ ಮುಖ ನೋಡಿದ.

“ಹೆಂಗಸು ನೀನು,” ಎಂದರು ಜಂಗಮರು. ದನಿ ಗಟ್ಟಿಮಾಡಿಕೊಂಡರು. “ಸಮಾಧಿ ಹತ್ರ ನೀನು ಬರಕೂಡ್ದು. ಮಣ್ಣು ಹಾಕಕೂಡ್ದು. ಕೊರಳಿನ ಲಿಂಗದ ಮಾತು ಮಠಕ್ಕೆ ಕೇಳಿ ಹೇಳ್ತೀನಿ. ಅಲ್ಲೀಗಂಟ ಈ ಮನೇಲಿ ಯಾರೂ ನೀರು ಮುಟ್ಟೋ ಹಂಗಿಲ್ಲ.”

“ಅವರಿಗೆ ಇಟ್ಟ ಪಾದ?”

“ಇಟ್ಟದ್ದು ಇಟ್ಟದ್ದೇ.”

“ಹಂಗಾದ್ರೆ ಎತ್ಕಂಡು ಹೊರಡಿ,” ಎಂದಳು.

ಶವ ಹೊರುವ ಬಿದಿರಿನ ವಿಮಾನದಲ್ಲಿ ಅವನನ್ನು ಕೂರಿಸಿ, ಹೂ ಸುತ್ತಿ, ಎತ್ತಿಕೊಂಡು ಹೋದರು. ಬೀದಿಯ ತಿರುವಿನಲ್ಲಿ ಅವನ ಬೆನ್ನು ಒಂದು ಕ್ಷಣ ಕಂಡಿತು. ಕುಲುಕಾಟಕ್ಕೆ ತಲೆ ಆಚೀಚೆ ಆಡುತ್ತಿತ್ತು. ಬದುಕಿದ್ದಾಗ ಅಷ್ಟು ಜನ ಅವನ ಜೊತೆ ಒಟ್ಟಿಗೆ ನಡೆದದ್ದೇ ಇಲ್ಲ. ಅವಳಿಗೆ ಅಳು ಬಂತು. ತಡೆಯುವವರು ಯಾರೂ ಇರಲಿಲ್ಲವಾಗಿ ಮನಸಾರೆ ಅತ್ತಳು, ನಡುವೆ ಅವನನ್ನು ಬೈದಳು ಕೂಡ.

ಅತ್ತು ಮುಗಿದ ಮೇಲೆ ಮನೆ ಸಾರಿಸಿದಳು. ತಲೆಗೆ ನೀರು ಹುಯ್ದುಕೊಂಡಳು. ಅವನು ಕೂತಿದ್ದ ಜಾಗದಲ್ಲಿ ಎಣ್ಣೆ ದೀಪ ಹಚ್ಚಿಟ್ಟಳು. ಮಣ್ಣಿಗೆ ಹೋದವರು ಮರಳಿ ಬಂದು ಆ ದೀಪ ನೋಡಿಯೇ ತಮ್ಮ ತಮ್ಮ ಮನೆಗೆ ಹೋಗಬೇಕು. ನೋಡದೆ ಹೋದರೆ ಸಾವು ಅವರ ಹಿಂದೆಯೇ ಅವರ ಮನೆಗೆ ಹೋಗುತ್ತದೆ ಎಂದು ಹೆದರಿಕೆ. ಇದನ್ನು ಮಾತ್ರ ಜಂಗಮರೂ ಬೇಡ ಅನ್ನುವಂತಿರಲಿಲ್ಲ.

ಹಿತ್ತಲಿನಿಂದ ನಿಂಬೆಹಣ್ಣು ಕಿತ್ತು ತಂದಳು. ಸಕ್ಕರೆ ಕರಗಿಸಿದಳು. ಅಟ್ಟಕ್ಕೆ ಏಣಿ ಹಾಕಿ ಜಿನ್ನಿನ ಬಾಟಲಿಯನ್ನೂ ಕೆಂಪು ಬಾಟಲಿಯನ್ನೂ ಇಳಿಸಿಕೊಂಡಳು. ಅವಸರ ಮಾಡಲಿಲ್ಲ. ಹೂಜಿಯ ನೀರು, ಕೆಂಪು ಬಾಟಲಿಯ ತೊಟ್ಟು, ಎಲ್ಲವೂ ಅದರದರ ಹದಕ್ಕೆ ಬಿದ್ದ ಮೇಲೆ ಲೋಟ ತೆಗೆದುಕೊಂಡು ಬಂದು ತಲೆಬಾಗಿಲ ಹೊಸ್ತಿಲ ಮೇಲೆ ಕೂತಳು.

ಹೊತ್ತು ಮುಳುಗುವಾಗ ಅವರು ಬಂದರು. ನಂಜಪ್ಪ ಮುಂದೆ, ಊರು ಹಿಂದೆ. ಅವಳನ್ನು ಕಂಡು ಎಲ್ಲರೂ ಬೀದಿಯಲ್ಲೇ ನಿಂತರು. ಅವಳು ಅವರ ಕಣ್ಣೆದುರಿಗೇ ಒಂದು ಗುಟುಕು ಕುಡಿದಳು. ಚಮಚ ಇರಲಿಲ್ಲ.

“ಎದ್ದೇಳು,” ಎಂದ ನಂಜಪ್ಪ.

“ದೀಪ ಒಳಗೈತೆ. ನೋಡ್ಕಂಡು ಹೋಗಿ.”

“ನಿನ್ನ ದಾಟ್ಕಂಡು ಹೋಗ್ಬೇಕಾ?”

“ನಿಮ್ಮ ಇಷ್ಟ ಬಾವ.”

ಯಾರೂ ಅಲುಗಲಿಲ್ಲ. ಕತ್ತಲಾಗುತ್ತಿತ್ತು. ಯಾರ ಮನೆಯಲ್ಲೋ ಮಗು ಅಳುತ್ತಿತ್ತು. ಹಿಂದಿನಿಂದ ಯಾರೋ “ಬೇಗ ಹೋಗಪ್ಪ” ಎಂದು ಗೊಣಗಿದರು. ಕೊನೆಗೆ ನಂಜಪ್ಪ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಬಾಗಿಲ ದಾರಂದಕ್ಕೆ ಮೈ ಒತ್ತಿಕೊಂಡು, ಅವಳನ್ನು ಸೋಕದ ಹಾಗೆ ಒಂದು ಕಾಲನ್ನು ಒಳಗಿಟ್ಟ. ಎರಡನೆಯ ಕಾಲು ಎತ್ತುವಾಗ ಅವನ ಮೊಣಕಾಲು ಲೋಟದ ಕಡೆಗೇ ಬಂತು. ಚನ್ನಬಸಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಲೋಟದಲ್ಲಿದ್ದುದೆಲ್ಲ ಅವನ ಪಾದದ ಮೇಲೆ ಚೆಲ್ಲಿತು. ಅವನು ನಿಲ್ಲಲಿಲ್ಲ, ತಿರುಗಿಯೂ ನೋಡದೆ ಹೋಗಿ ದೀಪದ ಮುಂದೆ ಕೈಮುಗಿದು ನಿಂತ. ಸಾರಿಸಿದ ನೆಲದ ಮೇಲೆ ಅವನ ಒಂದೇ ಕಾಲಿನ ಒದ್ದೆ ಹೆಜ್ಜೆಗಳು ಬಾಗಿಲಿಂದ ದೀಪದವರೆಗೂ ಮೂಡಿದ್ದವು. ಅವನ ಹಿಂದೆ ಒಬ್ಬೊಬ್ಬರಾಗಿ ಒಳಗೆ ಬಂದವರೆಲ್ಲ ಪಂಚೆ ಎತ್ತಿಕೊಂಡು, ಆ ಹೆಜ್ಜೆಗಳನ್ನು ತುಳಿಯದಂತೆ ಅತ್ತಿತ್ತ ಕಾಲು ಹಾಕುತ್ತಾ ನಡೆದರು.