ಉಜ್ಜಿಹೋದ ನಂಬರು

ನಾನು ಒಂದು ಟ್ರಕ್ಕು. ಅಂತಿಂಥ ಟ್ರಕ್ಕಲ್ಲ, ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಸಿಗುವ ಸೈನ್ಯದ ಟ್ರಕ್ಕು. ಈಗ ಸಾರಿಗೆ ಕಚೇರಿಯ ಹಿಂದಿನ ಬಯಲಲ್ಲಿ, ಟೈರಿನ ಗಾಳಿ ಇಳಿದು, ಮಡಗಾರ್ಡಿನ ತುಂಬ ಹುಲ್ಲು ಬೆಳೆಸಿಕೊಂಡು ನಿಂತಿರುವ ನನ್ನನ್ನು ನೋಡಿದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ. ನನಗೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಅದು ಸಿಗದೇ ಹೋದದ್ದರಿಂದಲೇ ತಾನೆ ಇಷ್ಟೆಲ್ಲ ಆದದ್ದು!

ಕಾರ್ಖಾನೆಯಲ್ಲಿ ನನಗೆ ಮೊದಲು ಬಂದದ್ದು ಎಂಜಿನ್ನೂ ಅಲ್ಲ, ಗಾಲಿಯೂ ಅಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆ. ಅದನ್ನು ಚಾಸಿ ಅನ್ನುತ್ತಾರೆ, ನನ್ನ ಬೆನ್ನೆಲುಬು. ಬಲಗಡೆಯ ತೊಲೆಯ ಮುಂದಿನ ತುದಿಯಲ್ಲಿ ಒಬ್ಬ ಮನುಷ್ಯ ಸುತ್ತಿಗೆ ಹಿಡಿದು ಒಂದೊಂದೇ ಅಂಕಿ ಬಡಿದ. ಆ ನಂಬರೇ ನನ್ನ ಹೆಸರು. ಲೋಕದಲ್ಲಿ ನನ್ನ ಹಾಗೆ ಕಾಣುವ ಸಾವಿರ ಟ್ರಕ್ಕು ಇರಬಹುದು, ಆ ನಂಬರಿನದು ನಾನೊಂದೇ.

ಆಮೇಲೆ ಇಪ್ಪತ್ತು ವರ್ಷ ಸೈನ್ಯದ ಚಾಕರಿ. ಹಿಮದ ಘಾಟುಗಳಲ್ಲಿ ಆಲೂಗಡ್ಡೆ ಹೊತ್ತೆ, ಸೀಮೆಎಣ್ಣೆ ಹೊತ್ತೆ, ಜವಾನರನ್ನು ಹೊತ್ತೆ, ಒಮ್ಮೆ ಎರಡು ಹೇಸರಗತ್ತೆಗಳನ್ನೂ ಹೊತ್ತೆ. ಅವು ನನ್ನ ಸೀಟು ಕಚ್ಚಿ ಹಾಳುಮಾಡಿದವು, ಇರಲಿ. ವಯಸ್ಸಾಯಿತು ಅಂತ ಒಂದು ದಿನ ಹರಾಜು ಹಾಕಿದರು. ಕೈಯಿಂದ ಕೈಗೆ ದಾಟುತ್ತ ಕಡೆಗೆ ಹುಬ್ಬಳ್ಳಿಯ ಒಬ್ಬ ಗುಜರಿಯವನ ಅಂಗಳಕ್ಕೆ ಬಂದು ಬಿದ್ದೆ. ಅಷ್ಟರಲ್ಲಿ ನನ್ನ ಎಂಜಿನ್ ಕಿತ್ತು ಯಾರೋ ಮಾರಿಕೊಂಡಿದ್ದರು. ಇನ್ನೇನು ಕತ್ತರಿಸುತ್ತಾರೆ ಅನ್ನುವಾಗ ದುಂಡವ್ವ ಬಂದಳು.

ದುಂಡವ್ವ ಗ್ಯಾರೇಜು ಓಣಿಯಲ್ಲಿ ಖಾನಾವಳಿ ನಡೆಸುವ ಹೆಂಗಸು. ಐವತ್ತರ ಆಸುಪಾಸು, ಹಣೆ ತುಂಬ ಕುಂಕುಮ. ರೊಟ್ಟಿ ಬಡಿದು ಬಡಿದು ಅಂಗೈ ಮರದ ಹಲಗೆಯ ಹಾಗಾಗಿತ್ತು. ಆ ಕೈಯಿಂದ ನನ್ನ ಬಾನೆಟ್ಟಿನ ಮೇಲೆ ಫಟ್ಟಂತ ಒಂದು ಕೊಟ್ಟು, ಜೊತೆಗಿದ್ದ ವೆಲ್ಡರ್ ಮೌನೇಶನನ್ನು ಕೇಳಿದಳು.

“ಇದು ಹಿಮದ ಗುಡ್ಡಾ ಹತ್ತತೈತೇನೋ?”

“ಇದರ ಜಲ್ಮಾನ ಅಲ್ಲೆ ಕಳದೈತ್ರಿ ಅಕ್ಕಾರ. ಎಂಜಿನ್ ಒಂದು ಕೂಡಿಸಿಬಿಟ್ರ ಗ್ವಾಡೀನೂ ಹತ್ತತೈತಿ.”

ಈ ಹೆಂಗಸಿಗೆ ಹಿಮದ ಗುಡ್ಡ ಯಾಕೆ ಬೇಕಾಗಿತ್ತು, ಹೇಳುತ್ತೇನೆ. ಅವಳ ಗಂಡ ಚಂದ್ರಾಮ ದೂರದೂರಿಗೆ ಲಾರಿ ಹೊಡೆಯುತ್ತಿದ್ದವನು. ನಡುವಯಸ್ಸಿನಲ್ಲಿ ಅವನ ತಲೆ ಏನೋ ಒಂಥರ ಆಯಿತು. ಮಾತು ಕಡಿಮೆ ಮಾಡಿದ. ಮನೆಯೊಳಗೆ ಮಲಗಲೊಲ್ಲ. ಉಂಡು, ಹೋಗಿ, ಲಾರಿಯ ಕ್ಯಾಬಿನ್ನಿನಲ್ಲೇ ಮಲಗುವನು. ಅವನ ತಮ್ಮ ಮಲ್ಲೇಶಪ್ಪ, ಲಾರಿ ಇದ್ದರೆ ತಾನೆ ಈ ಹುಚ್ಚು ಅಂತ ಅದನ್ನು ಮಾರಿಸಿದ. ಲಾರಿ ಹೋದ ಮರುದಿನ ಬೆಳಗ್ಗೆ ಚಂದ್ರಾಮನೂ ಇರಲಿಲ್ಲ. ಅವತ್ತಿನಿಂದ ಪತ್ತೆಯಿಲ್ಲ.

ಈಗ ಹನ್ನೆರಡನೆಯ ವರ್ಷ ನಡೆಯುತ್ತಿತ್ತು. ಕಾಣೆಯಾದವನು ಹನ್ನೆರಡು ವರ್ಷವಾದರೂ ಬರದಿದ್ದರೆ ಹುಲ್ಲಿನ ಗೊಂಬೆ ಮಾಡಿ, ಅದೇ ಅವನು ಅಂತ ಮಣ್ಣು ಮಾಡಿಬಿಡುವುದು ಅವರ ಕಡೆಯ ಪದ್ಧತಿ. ದೀಪಾವಳಿ ಅಮಾವಾಸ್ಯೆಗೆ ಗೊಂಬೆ ಅಂತ ಮಲ್ಲೇಶಪ್ಪ ಹೇಳಿಯೂ ಆಗಿತ್ತು. ಗೊಂಬೆ ಮಣ್ಣಾದ ದಿನ ದುಂಡವ್ವನ ಕುಂಕುಮ ಅಳಿಯಬೇಕು. “ಜೀವಂತ ಇರೂ ಮನಿಷ್ಯಾನ್ನ ಹುಗಿಯಾಕ ನೀ ಯಾವನೋ?” ಅಂತ ಅವಳು ಮೈದುನನನ್ನು ಓಣಿಯಲ್ಲೇ ನಿಲ್ಲಿಸಿ ಬೈದಿದ್ದಳಂತೆ.

ಜೀವಂತ ಇದ್ದಾನೆ ಅನ್ನುವುದಕ್ಕೆ ಅವಳ ಹತ್ತಿರ ಒಂದು ಫೋಟೋ ಇತ್ತು. ಯುಗಾದಿಯ ಹೊತ್ತಿಗೆ ಊಟಕ್ಕೆ ಬಂದ ಒಬ್ಬ ಡ್ರೈವರ್ ತನ್ನ ಫೋನಿನಲ್ಲಿ ಅದನ್ನು ತೋರಿಸಿದ್ದ. ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ಒಂದು ಪಂಕ್ಚರ್ ಅಂಗಡಿ, ಅದರ ಮುಂದೆ ಟ್ಯೂಬು ಹಿಡಿದು ಕುಕ್ಕರಗಾಲಲ್ಲಿ ಕೂತ ಒಬ್ಬ ಗಡ್ಡದವ, ಎಡಗಿವಿಯ ಹಾಲೆ ಹರಿದಿದೆ. ಚಂದ್ರಾಮನದೂ ಹರಿದಿತ್ತು. ಯಾವ ಹಳ್ಳಿ ಅಂತ ಡ್ರೈವರಿಗೆ ನೆನಪಿಲ್ಲ. ಅಲ್ಲಿ ಫೋನೂ ಹತ್ತುವುದಿಲ್ಲ. ಹಳ್ಳಿ ಹಳ್ಳಿ ಹುಡುಕಬೇಕು, ಗಾಡಿಯಲ್ಲೇ ಮಲಗಬೇಕು, ಗಾಡಿಯಲ್ಲೇ ಬೇಯಿಸಿಕೊಳ್ಳಬೇಕು. ದಸರೆ ಕಳೆದರೆ ಹಿಮ ಬಿದ್ದು ದಾರಿ ಮುಚ್ಚುತ್ತದೆ.

“ರೈಲಿಗೆ ಹೋಗ್ರಿ ಅಕ್ಕಾರ, ಲಗೂ ಆಗತೈತಿ” ಅಂತ ಮೌನೇಶ ಒಂದು ಸಲ ಅಂದ.

“ಹೋಗಿ? ಮನಿಗೆ ಬರ್ರಿ ಅಂದ್ರ ಅವರು ಬರ್ತಾರೇನೋ ಹುಚ್ಚಪ್ಪಾ? ಮನಿ ಒಲ್ಲೆ ಅಂತನ ಹ್ವಾದವರು. ಗಾಡಿ ತಂದೀನಿ, ಹತ್ರಿ ಅಂದ್ರ ಹತ್ತತಾರ.”

ಅದಕ್ಕೇ ನಾನು. ಓಡಿಹೋದ ಗಂಡನನ್ನು ಕರೆದುಕೊಂಡು ಬರುವುದಕ್ಕೆ ಒಂದು ಕ್ಯಾಬಿನ್ನು. ಸೈನ್ಯದಲ್ಲಿ ಇಪ್ಪತ್ತು ವರ್ಷ ದುಡಿದರೂ ಯಾರೂ ನನಗೆ ಇಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ.

ಗ್ಯಾರೇಜು ಓಣಿಯೇ ನನ್ನ ಮೇಲೆ ಬಿತ್ತು. ಎಲ್ಲರೂ ಅವಳ ರೊಟ್ಟಿ ತಿಂದವರೇ. ಅಪಘಾತವಾದ ಒಂದು ಟೆಂಪೋದ ಡೀಸೆಲ್ ಎಂಜಿನ್ ತಂದು ಕೂಡಿಸಿದರು. ರೇಡಿಯೇಟರ್ ಒಂದು ಕಡೆಯದು, ಟೈರು ಇನ್ನೊಂದು ಕಡೆಯದು. ಖಾನಾವಳಿಯ ಎರಡು ಬೆಂಚು ಒಡೆದು ನನ್ನ ಹಿಂಬದಿಯಲ್ಲಿ ಮಂಚ ಮಾಡಿದರು. ಅದರ ಉದ್ದ ಅಳೆಯುವಾಗ ದುಂಡವ್ವ, “ಇನ್ನ ನಾಕ್ ಬಟ್ಟು ಬಿಡ್ರೋ, ಅವರ ಕಾಲು ಹೊರಗ ಬರ್ತಾವ” ಅಂದಳು. ನೀರಿಗೆ ಒಂದು ಡ್ರಮ್ಮು, ಒಂದು ಸ್ಟೋವು, ಹಳೇ ಇಳಕಲ್ ಸೀರೆಯ ಪರದೆ. ಎಂಜಿನ್ ಮೊದಲ ಸಲ ಹೊತ್ತಿಕೊಂಡ ದಿನ ಅವಳು ಓಣಿಗೆಲ್ಲ ಹೋಳಿಗೆ ಹಾಕಿದಳು. ನಾಲ್ಕೂ ಗಾಲಿಗೆ ಎಳೆತ ಕೊಡುವ ಸಣ್ಣ ಗೇರು ಹಾಕಿ ನನ್ನನ್ನು ರಾಡಿಗುಂಡಿಯಿಂದ ಎಬ್ಬಿಸಿದಾಗ ಅಯ್ಯೋ, ಎಂಥ ಕೇಕೆ! ನನಗೂ ವಯಸ್ಸು ಮರೆತುಹೋಯಿತು.

ಮೌನೇಶನದು ಬೇರೆಯೇ ಭಕ್ತಿ. ಅವನ ತಾಯಿ ತೀರಿಕೊಂಡ ವರ್ಷ ಎರಡು ಹೊತ್ತೂ ಕರೆದು ಬಡಿಸಿದವಳು ದುಂಡವ್ವ. ಆ ಋಣವನ್ನೆಲ್ಲ ಅವನು ನನ್ನ ಚಾಸಿಯ ಮೇಲೆ ತೀರಿಸಲು ಹೊರಟ. ಬಲತೊಲೆಯ ಮುಂದಿನ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು. ಯಾರಿಗೂ ಕಂಡಿರಲಿಲ್ಲ, ಅವನಿಗೆ ಕಂಡಿತು. “ಘಾಟಿನ್ಯಾಗ ಇದು ಮುರದ್ರ ಅಕ್ಕಾರ ಪ್ರಪಾತಕ್ಕ” ಅಂದವನೇ ಗ್ರೈಂಡರ್ ಹಿಡಿದು ಕೂತ. ತುಕ್ಕು, ಹಳೇ ಹಸಿರು ಬಣ್ಣ, ಗಟ್ಟಿಯಾದ ಗ್ರೀಸು, ಎಲ್ಲವನ್ನೂ ಕನ್ನಡಿಯ ಹಾಗೆ ಹೊಳೆಯುವ ತನಕ ಉಜ್ಜಿದ. ಅದರ ಮೇಲೆ ದಪ್ಪ ಪಟ್ಟಿ ಇಟ್ಟು ಸುತ್ತಲೂ ವೆಲ್ಡಿಂಗ್ ಎಳೆದ. ಎಷ್ಟು ಚಂದದ ವೆಲ್ಡಿಂಗು ಅಂತೀರಿ! ಆದರೆ ಆ ಗ್ರೀಸಿನ ಕೆಳಗೇ ನನ್ನ ನಂಬರಿತ್ತು. ಮೌನೇಶ ಅಲ್ಲಿಯವರೆಗೆ ಮಾಡಿದ್ದೆಲ್ಲ ಟ್ರ್ಯಾಕ್ಟರ್ ಟ್ರೇಲರ್, ಕಬ್ಬಿನ ಗಾಡಿ, ಕಿಟಕಿ ಬಾಗಿಲು. ಚಾಸಿಯ ಮೇಲೆ ಉಜ್ಜಬಾರದ ಜಾಗ ಒಂದಿರುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟು ಒದ್ದಾಡಿದರೂ ನಾನು ಹೇಳುವುದಾದರೂ ಹೇಗೆ?

ಶ್ರಾವಣದ ಮೊದಲ ವಾರ ನನ್ನನ್ನು ತೊಳೆದು, ಮಾಲೆ ಹಾಕಿ, ಮರುನೋಂದಣಿಗೆ ಸಾರಿಗೆ ಕಚೇರಿಗೆ ತಂದರು. ಮರುದಿನವೇ ಹೊರಡುವುದು ಅಂತ ಓಣಿಯ ಒಬ್ಬ ಡ್ರೈವರನ್ನು ಗೊತ್ತುಮಾಡಿ ಆಗಿತ್ತು; ಜೋಳದ ಹಿಟ್ಟು, ಒಣಗಿಸಿದ ರೊಟ್ಟಿ, ಶೇಂಗಾ ಚಟ್ನಿ ಆಗಲೇ ನನ್ನ ಹೊಟ್ಟೆ ಸೇರಿದ್ದವು. ಇನ್ಸ್‌ಪೆಕ್ಟರ್ ವಯಸ್ಸಾದ ಸಮಾಧಾನಿ. ಬ್ರೇಕು ನೋಡಿದರು, ದೀಪ ನೋಡಿದರು, ತಲೆಯಾಡಿಸಿದರು. ಆಮೇಲೆ ಬ್ಯಾಟರಿ ಹಿಡಿದು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

“ಇಲ್ಲಿ ಪಟ್ಟಿ ಹೊಡೆದವರು ಯಾರು?”

“ನಾನ ರೀ ಸಾಹೇಬ್ರ” ಅಂದ ಮೌನೇಶ, ಹೆಮ್ಮೆಯಿಂದ.

“ಇದರ ಕೆಳಗೆ ನಂಬರ್ ಇತ್ತಲ್ಲಪ್ಪ, ಏನು ಮಾಡಿದೆ?”

ಮೌನೇಶನ ಮುಖದಿಂದ ರಕ್ತ ಇಳಿದುಹೋಯಿತು. ದುಂಡವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ನಂಬರು ಕಾಗದದಲ್ಲಿ ಇದೆಯಲ್ಲ ಅಂತ ಮತ್ತೆ ಮತ್ತೆ ಕಾಗದ ಚಾಚಿದಳು. “ಕಾಗದ ಇದೆ ತಾಯಿ, ಆದರೆ ಈ ಗಾಡಿ ಅದೇ ಗಾಡಿ ಅಂತ ನಾನು ಹೇಗೆ ಬರೆಯಲಿ? ಕದ್ದ ಗಾಡಿಯ ನಂಬರನ್ನೂ ಹೀಗೇ ಉಜ್ಜುತ್ತಾರೆ” ಅಂದರು ಇನ್ಸ್‌ಪೆಕ್ಟರ್. ಪ್ರಯೋಗಾಲಯದವರು ಬಂದು, ಪಟ್ಟಿ ತೆಗೆಸಿ, ಆಸಿಡ್ ಹಚ್ಚಿ ನೋಡಿದರೆ ಅಳಿದ ಅಂಕಿ ಮೇಲೆ ಬಂದರೂ ಬರಬಹುದು. ಅಲ್ಲಿಯವರೆಗೆ ಗಾಡಿ ಇಲ್ಲೇ ನಿಲ್ಲಬೇಕು.

ನಿಂತೆ. ನಾಳೆ ಬರುತ್ತಾರೆ, ಸೋಮವಾರ ಬರುತ್ತಾರೆ, ಹಬ್ಬ ಮುಗಿಯಲಿ. ದುಂಡವ್ವ ದಿನಾ ಮಧ್ಯಾಹ್ನ ಖಾನಾವಳಿ ಮುಚ್ಚಿ ಬಂದು ನನ್ನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಇಂಥ ಸಂಕಟ ನಾನು ಯುದ್ಧದ ಕಾಲದಲ್ಲೂ ಕಂಡಿರಲಿಲ್ಲ. ಹೊಟ್ಟೆಯೊಳಗೆ ಎಂಜಿನ್ ಇದೆ, ಟ್ಯಾಂಕಿನಲ್ಲಿ ಡೀಸೆಲ್ ಇದೆ, ಗೇಟಿನಾಚೆ ದಾರಿ ಇದೆ. ಗೇಟಿಗೆ ಮಾತ್ರ ಸರಪಳಿ.

ಇಪ್ಪತ್ತನೆಯ ದಿನವೋ ಏನೋ, ಮೌನೇಶ ಊಟದ ಡಬ್ಬಿಯಲ್ಲಿ ಅಂಕಿ ಬಡಿಯುವ ಅಚ್ಚುಗಳನ್ನು ಬಚ್ಚಿಟ್ಟುಕೊಂಡು ಬಂದ. ಅವನು ಅಷ್ಟರಲ್ಲಿ ಅರ್ಧ ಆಗಿದ್ದ.

“ಅಕ್ಕಾರ, ಕಾಗದದಾಗ ನಂಬರ್ ಐತಿ. ಪಟ್ಟಿ ಬಾಜೂಕ ಅದನ್ನ ಬಡದ್ಬಿಡ್ತೀನಿ. ಹತ್ ನಿಮಿಷದ ಕೆಲಸ. ಮೊದಲಿಂದ ಇಲ್ಲೆ ಇತ್ತು, ನಿಮಗ ಕಾಣಲಿಲ್ಲ ಅನ್ನೂಣು.”

ದುಂಡವ್ವ ಅಚ್ಚುಗಳನ್ನು ಒಂದು ಗಳಿಗೆ ನೋಡಿದಳು. ಅವಳ ಕೈ ಮುಂದಕ್ಕೆ ಬಂದದ್ದನ್ನು ನಾನು ಕಂಡೆ. ಬಡಿಸಿಬಿಡು ತಾಯಿ, ಅಂತ ನನ್ನ ಬೋಲ್ಟು ಬೋಲ್ಟೂ ಬೇಡಿಕೊಂಡಿತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

“ಸಿಕ್ಕಬಿದ್ರ ನಿನ್ನ ಕೈಗೆ ಕೋಳ. ಒಬ್ಬರನ್ನ ಕರಕೊಂಡ ಬರಾಕ ಹೋಗಿ ಇನ್ನೊಬ್ಬನ್ನ ಜೇಲಿಗೆ ಕಳಸ್ಲ್ಯಾ? ಬ್ಯಾಡ. ನಡಿ, ಉಣ್ಣ ನಡಿ.”

ನಲವತ್ತನೆಯ ದಿನ ಪ್ರಯೋಗಾಲಯದವರು ಬಂದರು. ಪಟ್ಟಿ ಕತ್ತರಿಸಿದರು, ಆಸಿಡ್ ಹಚ್ಚಿದರು, ಕಾದರು. ಮೌನೇಶ ಮೈಗಳ್ಳನಾಗಿದ್ದರೆ ನಾಲ್ಕು ಅಂಕಿಯಾದರೂ ಉಳಿಯುತ್ತಿದ್ದವು. ಏನೂ ಬರಲಿಲ್ಲ. ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡು, “ನನ್ನ ಕೈಲಿ ಇನ್ನೇನೂ ಇಲ್ಲಮ್ಮ” ಅಂದರು. ದುಂಡವ್ವ ನನ್ನ ಹಿಂಬದಿಯಿಂದ ಒಂದು ಚೀಲದಷ್ಟು ರೊಟ್ಟಿ ಕಟ್ಟಿಕೊಂಡು ಅವತ್ತೇ ರೈಲು ಹತ್ತಿದಳು. ಒಬ್ಬಳೇ.

ಮೌನೇಶ ದಿನಾ ಬಂದು ಗೇಟಿನ ಹೊರಗಿಂದ ನನ್ನನ್ನು ನೋಡಿ ಹೋಗುತ್ತಿದ್ದ. ತಿಂಗಳ ಮೇಲೆ ಎಂಟೋ ಹತ್ತೋ ದಿನಕ್ಕೆ ದುಂಡವ್ವ ತಿರುಗಿ ಬಂದಳು. ಗಾಡಿಯೊಳಗಿನ ಸಾಮಾನು ಒಯ್ಯಲು ಅನುಮತಿ ಚೀಟಿ ತಂದಿದ್ದಳು. ಮುಖದ ಚರ್ಮ ಚಳಿಗೆ ಸುಲಿದಿತ್ತು, ಕುಂಕುಮ ಇದ್ದ ಹಾಗೇ ಇತ್ತು. ಸುದ್ದಿ ತಿಳಿದು ಮೌನೇಶ ಓಡಿಕೊಂಡು ಬಂದು ನನ್ನ ಬಂಪರಿನ ಹತ್ತಿರ ನಿಂತ.

“ಅವರಲ್ಲೋ ಮೌನೇಶ” ಅಂದಳು ಅವಳು. “ಅಂಗಡಿ ಸಿಕ್ಕಿತು. ಕಿವಿ ಹರದಿದ್ದೂ ಖರೆ. ಆದ್ರ ಅವರಲ್ಲ. ಪಂಜಾಬದ ಕಡೀಂವ ಯಾವನೋ. ಗಾಡಿ ಒಯ್ದಿದ್ರೂ ಬರಿಗೈಲೇ ಬರಬೇಕಿತ್ತು. ನೀ ಇನ್ನ ಮನಸಿಗೆ ಹಚ್ಚಕೋಬ್ಯಾಡ.”

ಅವನು ಅಲ್ಲೇ ಮಣ್ಣಿನಲ್ಲಿ ಕೂತು ಮುಖ ಮುಚ್ಚಿಕೊಂಡು ಹೋ ಅಂತ ಅತ್ತ. ಅವಳು ಅವನ ಬೆನ್ನು ತಟ್ಟಿ, ಸಾಮಾನು ಹೇರಲು ಒಂದು ಕೈಗಾಡಿ ತಾ ಅಂತ ಕಳಿಸಿದಳು.

ಅವನು ಗೇಟು ದಾಟುವವರೆಗೂ ನೋಡುತ್ತ ನಿಂತಳು. ಆಮೇಲೆ ನನ್ನ ಕ್ಯಾಬಿನ್ ಹತ್ತಿ ಬಾಗಿಲು ಹಾಕಿಕೊಂಡಳು. ಚೀಲದಿಂದ ಒಂದು ಖಾಕಿ ಅಂಗಿ ತೆಗೆದಳು. ತೋಳಿನ ತುಂಬ ರಬ್ಬರ್ ಅಂಟಿನ ಕಲೆ. ಅದನ್ನು ನನ್ನ ಸ್ಟೀರಿಂಗಿನ ಮೇಲೆ ಹಾಸಿ, ಅದರ ಮೇಲೆ ಹಣೆ ಇಟ್ಟಳು.

“ಹತ್ತೊಂಬತ್ತ ದಿನಾ” ಅಂದಳು. “ನಾ ಮುಟ್ಟೂದಕ್ಕ ಹತ್ತೊಂಬತ್ತ ದಿನಾ ಮೊದಲ ಮಣ್ಣು ಮಾಡಿದ್ರಂತ. ಮೂರ ದಿನಾ ಜ್ವರಾ, ಅಷ್ಟ. ಅಂಗಡಿ ಮುದುಕಿ ಹೇಳಿದ್ಲು, ಗುಡ್ಡದ ಮ್ಯಾಲೆ ಯಾವ ಟ್ರಕ್ಕಿನ ಸಪ್ಪಳಾ ಕೇಳಿದ್ರೂ ಎದ್ದು ರಸ್ತಾಕ್ಕ ಬಂದು ನಿಂದರ್ತಿದ್ರಂತ.”

ನಲವತ್ತು ದಿನ ಇಲ್ಲಿ ನಿಂತದ್ದು ನಾನು. ನಾನು ಹೊರಟಿದ್ದರೆ ನನ್ನ ಸಪ್ಪಳಕ್ಕೂ ಚಂದ್ರಾಮ ಎದ್ದು ಬರುತ್ತಿದ್ದ. ಗುಂಡು ಹಾರುವ ಜಾಗದಲ್ಲೂ ಹೆದರದ ನನಗೆ ಆ ಮಧ್ಯಾಹ್ನ ಯಾರಾದರೂ ಈಗಲೇ ಕತ್ತರಿಸಿ ಹಾಕಬಾರದೇ ಅನ್ನಿಸಿತು.

ಕೈಗಾಡಿಯ ಗಾಲಿ ಸದ್ದು ಕೇಳಿದ್ದೇ ಅವಳು ಅಂಗಿ ಮಡಿಚಿ ನನ್ನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಕಣ್ಣೊರೆಸಿಕೊಂಡಳು. ಕನ್ನಡಿ ನೋಡಿ ಕುಂಕುಮ ಸರಿಮಾಡಿಕೊಂಡು ಇಳಿದಳು. “ಸ್ಟೋವ್ ಮೊದಲ ಇಳಸೋ, ಸಂಜಿ ಊಟಕ್ಕ ಮಂದಿ ಬರ್ತಾರ” ಅಂದಳು.

ಅದಾಗಿ ಎರಡು ವರ್ಷ. ನನ್ನನ್ನು ಕಬ್ಬಿಣದ ತೂಕಕ್ಕೆ ಹಾಕಲು ಆದೇಶ ಬಂದಿದೆಯಂತೆ. ಬರಲಿ. ಸೀಟಿನ ಕೆಳಗಿನ ಅಂಗಿ ನನ್ನನ್ನು ಕತ್ತರಿಸುವ ಗ್ಯಾಸಿನ ಬೆಂಕಿಗೆ ಒಂದು ಚಣದಲ್ಲಿ ಬೂದಿಯಾದೀತು. ಅಲ್ಲಿಯವರೆಗೆ ಅದು ನನ್ನ ಹತ್ತಿರ ಇರುತ್ತದೆ.

ಮೌನೇಶ ಈಗಲೂ ಭಾನುವಾರಕ್ಕೊಮ್ಮೆ ಬರುತ್ತಾನೆ, ತಾನು ಉಜ್ಜಿದ ಜಾಗದ ಮೇಲೆ ಕೈಯಾಡಿಸುತ್ತ ನನ್ನ ಜೊತೆ ಹರಟುತ್ತಾನೆ. ದೀಪಾವಳಿ ಅಮಾವಾಸ್ಯೆಗೆ ಮಲ್ಲೇಶಪ್ಪ ಗೊಂಬೆ ಮಣ್ಣು ಮಾಡಿದ ಸುದ್ದಿಯನ್ನೂ ಅವನೇ ಹೇಳಿದ್ದು. ಹನ್ನೆರಡು ವರ್ಷ ಹುಲಿಯ ಹಾಗೆ ಕಾದಾಡಿದವಳು ಅವತ್ತು ಮುಂದೆ ಬಂದು ಕೂತು, ತಾನೇ ಕುಂಕುಮ ಅಳಿಸಿಕೊಂಡಳಂತೆ. ದುಂಡವ್ವ ಸೋತಳು, ಗಂಡ ಸತ್ತ ಅಂತ ಕಡೆಗೆ ಒಪ್ಪಿಕೊಂಡಳು ಅಂತ ಓಣಿಯೆಲ್ಲ ಆಡಿಕೊಂಡಿತಂತೆ. ಮಲ್ಲೇಶಪ್ಪನಂತೂ ಮೀಸೆ ತಿರುವಿದನಂತೆ.

ಹೋದ ಭಾನುವಾರ ಮೌನೇಶ ಹೆಂಡತಿಯನ್ನೂ ಮಗುವನ್ನೂ ಕರೆತಂದಿದ್ದ. ಮಗುವನ್ನು ನನ್ನ ಬಾನೆಟ್ಟಿನ ಮೇಲೆ ಕೂರಿಸಿ, ತಟ್ಟುತ್ತ, ಅವನು ಹೆಂಡತಿಗೆ ಹೇಳಿದ:

“ಆ ಫೋಟೋದಾಗಿನಾಂವ ಖರೇನ ಅವರಾಗಿದ್ರ, ನಾ ಬದುಕಿ ಇರ್ತಿದ್ದಿಲ್ಲ ನೋಡು. ದೇವರು ದೊಡ್ಡಾಂವ, ಅವರಾಗಿರಲಿಲ್ಲ.”

ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಹೊತ್ತಾಯಿತು, ಅಕ್ಕಾರು ಊಟಕ್ಕೆ ಕಾಯುತ್ತಿರುತ್ತಾರೆ ಅಂತ ಹೊರಟ.