ಯಾರಿಗಿ ಹಾಕಿದಿ?

ನನ್ನ ನೌಕರಿ ಯಾದಗಿರಿಯಲ್ಲಿ, ಮನೆ ಶಹಾಪುರದಲ್ಲಿ. ಹೋಗಲು ಒಂದು ತಾಸು, ಬರಲು ಒಂದು ತಾಸು ಬಸ್ಸು. ಸಂಜೆಯ ತಾಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ನಾನು ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತಿರುತ್ತೇನೆ. ಬೆಳಗಿನದು ಮಾತ್ರ ನನ್ನದು. ಅದರ ಹಿಂದೆ ಅತ್ತೆಯವರ ಚಹಾ, ಗಂಡನ ಬುತ್ತಿ, ಮಗಳ ಜಡೆ. ಅದರ ಮುಂದೆ ಮೇಜಿನ ತುಂಬ ಕಡತಗಳು. ನಡುವಿನ ಆ ಒಂದು ತಾಸು ಕಿವಿಯಲ್ಲಿ ಹಾಡು ಹಾಕಿಕೊಂಡು ಕೂಡುತ್ತೇನೆ.

ಈ ಚಟ ಹಚ್ಚಿದವಳು ಚಮನಬೀ. ಅವಳ ಕಚೇರಿ ಬೇರೆ, ಬಸ್ಸು ಒಂದೇ. ಇಯರ್‌ಫೋನಿನ ಎಡದ್ದು ಅವಳ ಕಿವಿಗೆ, ಬಲದ್ದು ನನ್ನ ಕಿವಿಗೆ. ಒಂದು ಹಾಡು ಅರ್ಧ ಕೇಳಿ ಇನ್ನೊಂದಕ್ಕೆ ಜಿಗಿಯುವುದು ಅವಳಿಗೆ ಆಗುತ್ತಿರಲಿಲ್ಲ.

"ಉಣ್ಣಾಕ ಕುಂತವ್ರು ಬರೇ ಹಪ್ಪಳ ತಿಂದು ಏಳ್ತಾರೇನವ್ವ?" ಎನ್ನುತ್ತಿದ್ದಳು.

ಆಲ್ಬಂ ಶುರು ಮಾಡಿದರೆ ಮುಗಿಯುವ ತನಕ ಕೇಳಬೇಕು. ದೋರನಹಳ್ಳಿ ದಾಟುವಾಗ ಮೂರನೆಯ ಹಾಡೋ ನಾಲ್ಕನೆಯದೋ ನಡೆದಿರುತ್ತಿತ್ತು, ಭೀಮಾ ನದಿಯ ಸೇತುವೆಗೆ ಬಂದರೆ ಕೊನೆಯದು. ಮಾತು ಕಡಿಮೆ. ಇಬ್ಬರಿಗೂ ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ.

ಹೋದ ವರ್ಷ ಅವಳ ಅತ್ತೆ ಹಾಸಿಗೆ ಹಿಡಿದರು. ಚಮನಬೀ ಅವರಿವರ ಕೈಕಾಲು ಹಿಡಿದು ಸುರಪುರಕ್ಕೆ ವರ್ಗ ಮಾಡಿಸಿಕೊಂಡು ಹೋದಳು. ಹೋಗುವಾಗ ಅವಳೇ ಒಂದು ಉಪಾಯ ಹೇಳಿದಳು. ದಿನಾ ಬೆಳಿಗ್ಗೆ ಕೇಳುವ ಆಲ್ಬಮ್ಮಿನ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅದೇ ಹೊತ್ತಿಗೆ ಕೇಳುವುದು.

"ಮೆಸೇಜ್ ಹಾಕಿದ್ರ ಜವಾಬು ಬರೀಬೇಕು. ಸ್ಟೇಟಸ್ ಆದ್ರ ನೋಡಿದ್ರ ಸಾಕು," ಎಂದಳು. ದಣಿದವರ ಉಪಾಯ ಹೀಗೆಯೇ ಇರುತ್ತದೆ.

ಆದರೆ ಸ್ಟೇಟಸ್ಸನ್ನು ಊರೆಲ್ಲ ನೋಡುತ್ತದೆ ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಕಡೆ ಸ್ಟೇಟಸ್ ಹಾಕಿದರೆ ಅದು ಯಾರಿಗೋ ಚುಚ್ಚಲು ಹಾಕಿದ್ದೇ ಎಂದು ಲೆಕ್ಕ. ಒಂದು ದಿನ ಗಜಲ್ ಆಲ್ಬಂ ಹಾಕಿದೆ. ಅದರ ಮೇಲೆ ಕಿಟಕಿಯಲ್ಲಿ ಒಬ್ಬಳೇ ಕೂತ ಹೆಂಗಸಿನ ಚಿತ್ರ. ನಮ್ಮ ಅತ್ತೆ ಗುರುದೇವಿಯವರಿಗೆ ಓದು ಬಾರದು, ಸ್ಟೇಟಸ್ ನೋಡಲು ಮಾತ್ರ ಚೆನ್ನಾಗಿ ಬರುತ್ತದೆ.

"ಯಾರಿಗಿ ಹಾಕಿದಿ ಇದನ್ನ? ಕಿಡಕ್ಯಾಗ ಅಳಕೋತ ಕುಂದರುವಂಥಾದ್ದು ನಮ್ಮ ಮನ್ಯಾಗ ನಿನಗೇನ್ ಕಮ್ಮಿ ಆಗ್ಯಾದ?" ಎಂದರು.

ಮತ್ತೊಂದು ದಿನ ಶಹನಾಯಿ ಹಾಕಿದೆ. ಅದರಲ್ಲಿ ಮಾತೇ ಇಲ್ಲವಲ್ಲ, ಯಾರಿಗೂ ಚುಚ್ಚಲಿಕ್ಕಿಲ್ಲ ಎಂದುಕೊಂಡೆ. ಮಧ್ಯಾಹ್ನದೊಳಗೆ ಸೋದರತ್ತೆಯ ಫೋನು: "ಮಗಳಿಗೆ ವರ ಗೊತ್ತಾತೇನ? ನಮಗ ಒಂದ್ ಮಾತು ಹೇಳಬಾರದೇನ?" ನನ್ನ ಮಗಳು ಇನ್ನೂ ಏಳನೇ ಇಯತ್ತೆ.

ಇದೆಲ್ಲ ತಡೆದುಕೊಂಡೆ. ಯಾಕೆಂದರೆ ಯಾರು ಯಾರು ನೋಡಿದರು ಎಂಬ ಪಟ್ಟಿಯಲ್ಲಿ ಚಮನಬೀಯ ಹೆಸರು ದಿನಾ ಇರುತ್ತಿತ್ತು. ಅದೊಂದು ಹೆಸರು ಕಂಡರೆ ಬಸ್ಸಿನಲ್ಲಿ ಪಕ್ಕಕ್ಕೆ ಅವಳೇ ಬಂದು ಕೂತಷ್ಟು ಸಮಾಧಾನ. ಆಮೇಲೆ ಅವಳು ತಾನು ಹಾಕುವುದನ್ನು ಬಿಟ್ಟಳು. ಇರಲಿ, ಅವಳಿಗೆ ಪುರುಸೊತ್ತಿಲ್ಲ ಎಂದುಕೊಂಡು ದಿನಾ ನಾನೇ ಹಾಕಿದೆ. ಕಡೆಗೆ ಪಟ್ಟಿಯಿಂದಲೂ ಅವಳ ಹೆಸರು ಹೋಯಿತು. ಸೋದರತ್ತೆ ನೋಡುತ್ತಾಳೆ, ಹಾಲಿನವನು ನೋಡುತ್ತಾನೆ, ಎಂದೋ ಗ್ಯಾಸು ರಿಪೇರಿಗೆ ಬಂದವನೂ ನೋಡುತ್ತಾನೆ. ಯಾರಿಗಾಗಿ ಹಾಕುತ್ತೇನೋ ಅವಳೊಬ್ಬಳು ನೋಡುವುದಿಲ್ಲ.

ಫೋನ್ ಮಾಡಬೇಕಿತ್ತು ಎನ್ನುತ್ತೀರಿ. ಮಾಡಿದೆ. "ಅತ್ತಿಗಿ ಉಣಸಾಕತ್ತೀನಿ, ಆಮ್ಯಾಲ ಮಾಡ್ತೀನವ್ವ," ಎಂದಳು. ಮಾಡಲಿಲ್ಲ. ಇನ್ನೊಮ್ಮೆ ಮಾಡಿದಾಗಲೂ ಅದೇ ಮಾತು. ಮತ್ತೆ ಮಾಡಬಾರದೆಂದು ನನಗೂ ಹಠ ಬಂತು. ಹೊಸ ಊರು, ಹೊಸ ಗೆಳತಿಯರು ಸಿಕ್ಕಿರಬೇಕು, ಹಳೆಯ ಬಸ್ಸಿನವಳು ಯಾಕೆ ಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ತತ್ವಪದದ ಆಲ್ಬಂ ಹಾಕಿದೆ. ಅದರ ಹೆಸರು 'ಎರಡು ಬಾಗಿಲ ಮನೆ'. ಹುಟ್ಟಿನ ಬಾಗಿಲಿನಿಂದ ಬಂದು ಸಾವಿನ ಬಾಗಿಲಿನಿಂದ ಹೋಗುವುದರ ಮೇಲಿನ ಪದಗಳು. ಬಸ್ಸು ಇನ್ನೂ ಊರು ಬಿಟ್ಟಿರಲಿಲ್ಲ, ದೋರನಹಳ್ಳಿಯಲ್ಲಿರುವ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಗೊಲ್ಲಾಳಮ್ಮ, ನನ್ನ ಗಂಡನಿಗೆ ಫೋನ್ ಹಚ್ಚಿದ್ದಳು: ನಿನ್ನ ಹೆಂಡತಿಗೆ ಮನೆ ಪಾಲಾಗಬೇಕಾಗಿದ್ದರೆ ನೇರ ಬಂದು ಹೇಳಲಿ, ಎರಡು ಬಾಗಿಲು ಎಂದು ಊರಿಗೆಲ್ಲ ಸಾರುವುದು ಬೇಡ.

ಆ ರಾತ್ರಿ ಗಂಡ ಸಂಗಮನಾಥ ಬೀಜದಂಗಡಿ ಮುಚ್ಚಿ ಬಂದವರು ಅಂಗಿಯನ್ನೂ ಕಳಚದೆ ಕೂತರು.

"ಬಿಟ್ಟಬಿಡು ಮಾರಾಯ್ತಿ. ದಿನಾ ಒಬ್ಬೊಬ್ರಿಗಿ ಜವಾಬು ಹೇಳಿ ನನಗ ಸಾಕಾಗ್ಯಾದ. ಅಷ್ಟಕ್ಕೂ ಯಾರಿಗಿ ಹಾಕ್ತಿ ನೀ?"

ನೋಡದವಳ ಹೆಸರು ಹೇಗೆ ಹೇಳಲಿ? "ಆತ್ರಿ, ಬಿಡ್ತೀನಿ," ಎಂದೆ.

ಬಿಟ್ಟೆ. ಹಾಡು ಕೇಳುವುದನ್ನೂ ಬಿಟ್ಟೆ. ಕಿಟಕಿಗೆ ತಲೆ ಆನಿಸಿ ಗದ್ದೆ ನೋಡುತ್ತ ಹೋಗುತ್ತಿದ್ದೆ, ಕಂಡಕ್ಟರನ ಸೀಟಿ ಬಿಟ್ಟರೆ ಕಿವಿಗೆ ಬೇರೆ ಏನೂ ಇಲ್ಲ. ಬಿಟ್ಟ ಮೇಲಾದರೂ ನೆಮ್ಮದಿ ಸಿಕ್ಕಿತೇ? "ಏನೂ ಹಾಕವಲ್ಲಿ, ನಮ್ಮ ಮ್ಯಾಲ ಸಿಟ್ಟಾಗೀದೇನ?" ಎಂದು ಗೊಲ್ಲಾಳಮ್ಮನೇ ಕೇಳಿದಳು. ಈ ಜನಕ್ಕೆ ಏನೆನ್ನಬೇಕು ಹೇಳಿ.

ಆ ವಾರದಲ್ಲೇ ಒಂದು ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಫೋನು ಬಂತು. ಚಮನಬೀ.

"ಯಾಕವ್ವ ಸೌಭಾಗ್ಯ, ಆರಾಮ ಅದಿ ಹೌದಿಲ್ಲೋ? ಏನೂ ಹಾಕಿಲ್ಲಲ್ಲ?"

ಒಳಗೆ ತುಂಬಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. "ನೀ ನೋಡವಲ್ಲಿ, ಯಾರಿಗಿ ಹಾಕ್ಲಿ? ನಿನ್ನ ಹೆಸರ ಕಾಣ್ಲಾರದ ಎಷ್ಟ್ ದಿನಾ ಆತು ಗೊತ್ತದ ಏನ?" ಎಂದು ಕೂಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅವಳು ದಣಿದ ದನಿಯಲ್ಲಿ ನಕ್ಕಳು.

"ನೋಡವಲ್ಲೆ ಅಂತ ಯಾರ್ ಹೇಳಿದ್ರು? ದಿನಾ ನೋಡೀನಿ. ನಾದಿನ್ಯಾರು, ಮೆಸೇಜ್ ನೋಡಿ ಸುಮ್ಮ ಕುಂತಾಳ ಅಂತ ಇವರ ಮುಂದ ಚಾಡಿ ಹೇಳಾಕತ್ತಿದ್ರು. ಅದಕ ಆ ನೀಲಿ ಗೆರಿ ಬಂದ್ ಮಾಡೀನಿ. ಅದನ್ನ ಬಂದ್ ಮಾಡಿದ್ರ ಸ್ಟೇಟಸ್ ನೋಡಿದ್ದೂ ಕಾಣಂಗಿಲ್ಲಂತ. ನನಗೇನ್ ಗೊತ್ತಿತ್ತವ್ವ."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಇಷ್ಟು ದಿನ ಅವಳನ್ನು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಇನ್ನೊಂದ್ ಮಾತು," ಎಂದಳು. "ನಿನ್ನ ಬಸ್ಸಿನ ಹೊತ್ತಿಗೇ ನಾ ಅತ್ತಿಗಿ ಉಣಸೋದು. ಎಡದ್ದು ನನ್ನ ಕಿವ್ಯಾಗ, ಬಲದ್ದು ಆಕಿ ಕಿವ್ಯಾಗ. ಹಾಡು ಮುಗಿಯೂದ್ರಾಗ ಒಂದ್ ರೊಟ್ಟಿ ಹೋಗಿರ್ತದ. ನೀ ಬಿಟ್ಟಾಗಿಂದ ಬಾಯೇ ತೆರಿಯವಲ್ಲಳು. ನಾನಾಗೇ ಏನರ ಹಚ್ಚಿದ್ರ ಇಯರ್‌ಫೋನ್ ಕಿತ್ತಿ ಒಗೀತಾಳ. ಶಹಾಪುರದಾಕಿ ಇವತ್ತ ಹಾಕಿದ್ದು ಹಚ್ಚು ಅಂತಾಳ. ಆ ಎರಡ್ ಬಾಗಲದ್ದು ಅಂದ್ರ ಆಕಿಗಿ ಭಾಳ ಜೀವ."

ಫೋನಿಟ್ಟು 'ಎರಡು ಬಾಗಿಲ ಮನೆ'ಯನ್ನೇ ಮತ್ತೆ ಸ್ಟೇಟಸ್ಸಿಗೆ ಹಾಕಿದೆ. ಬಲಗಡೆಯದನ್ನು ಕಿವಿಗೆ ಸಿಕ್ಕಿಸಿಕೊಂಡು ಎಡಗಡೆಯದನ್ನು ಖಾಲಿ ಬಿಟ್ಟೆ. ಸೇತುವೆ ಬರುವ ತನಕ ಅಳುತ್ತಲೇ ಹೋದೆ.

ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಗೊಲ್ಲಾಳಮ್ಮನ ಫೋನು ಆಗಲೇ ಬಂದು ಹೋಗಿತ್ತು.

"ಮತ್ತ ಅದನ್ನ ಹಾಕಿದಿ? ಯಾರಿಗಿ ಹಾಕಿದಿ?"

ಜಗಳ ಮಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ. ಅದಕ್ಕೇ ಇದ್ದದ್ದನ್ನು ಹೇಳಿದೆ. "ಸುರಪುರದಾಗ ಚಮನಬೀ ಅತ್ತಿಗ್ರಿ. ಹಾಸಿಗಿ ಹಿಡದಾರ. ಈ ಹಾಡು ಹಚ್ಚಿದ್ರ ಉಣತಾರಂತ್ರಿ."

ಅತ್ತೆ ನನ್ನ ಮುಖ ನೋಡಿದರು. ಕಾಲು ಚಾಚಿಕೊಂಡು ಮೊಣಕಾಲು ಒತ್ತಿಕೊಂಡರು.

"ಉಂಡಳಂತೇನ?" ಎಂದರು.

ನಾನು ಕೇಳಿಯೇ ಇರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಸುರಪುರಕ್ಕೆ ಫೋನ್ ಹಚ್ಚಿದೆ. ಅರ್ಧ ರೊಟ್ಟಿ ತಿಂದರು ಎಂದಳು ಚಮನಬೀ. ಅತ್ತೆಗೆ ಹಾಗೆಯೇ ಹೇಳಿದೆ. ಅವರು ಗೋಡೆ ಹಿಡಿದು ಮೇಲೆದ್ದು ಒಳಗೆ ಹೊರಟರು.

"ನಾಳಿಗೂ ಅದನ್ನ ಹಾಕು. ಆ ಕಿಡಕಿಯಾಕಿನ್ನ ಹಾಕಬ್ಯಾಡ, ಮುದುಕಿ ಉಣ್ಣೂದ್ ಬಿಟ್ಟಗಿಟ್ಟಾಳು. ಗೊಲ್ಲಾಳಮ್ಮಗ ನಾ ಹೇಳ್ತೀನಿ."